ಎಂಎಸ್‌ನಲ್ಲಿ ರೋಗನಿರೋಧಕ ಕೋಶಗಳು ಮೈಲಿನ್ ತಯಾರಿಸುವ ಕೋಶಗಳನ್ನು ಕೊಲ್ಲುತ್ತವೆಯೇ, ತಡೆಯುತ್ತವೆಯೇ, ಇಲ್ಲವೇ ಕಾಪಾಡುತ್ತವೆಯೇ?

ಪ್ರಶ್ನೆ: ಜೀವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಕುರಿತು ಓದುವಾಗ ಎದುರಾದ ಒಂದು ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ನಮ್ಮ ಪಠ್ಯದಲ್ಲಿರುವ ವಿವರಣೆ ಇಷ್ಟೇ: ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಯಾವುದೋ ಕಾರಣಕ್ಕೆ ಮೈಲಿನ್ ಅನ್ನು ಪರಕೀಯವೆಂದು ಗುರುತಿಸಿ, ರಕ್ತಕ್ಕೂ ಮಿದುಳಿಗೂ ನಡುವಿನ ತಡೆಯನ್ನು ದಾಟಿ ಒಳಹೊಕ್ಕು, ನರತಂತುಗಳ ಸುತ್ತಲಿನ ಆ ಹೊದಿಕೆಯನ್ನು ಹಾಳುಮಾಡುತ್ತವೆ. ಮೈಲಿನ್ ತಯಾರಿಸುವ ಆಲಿಗೊಡೆಂಡ್ರೊಸೈಟ್ ಕೋಶಗಳಿಗೆ ಈ ವಿವರಣೆಯಲ್ಲಿ ಏಟು ತಿನ್ನುವುದನ್ನು ಬಿಟ್ಟು ಬೇರೆ ಪಾತ್ರವೇ ಇಲ್ಲ.

ಈಚಿನ ಸಂಶೋಧನಾ ಲೇಖನಗಳನ್ನು ಓದತೊಡಗಿದಾಗ ಈ ವಿವರಣೆ ಸಾಲದು ಎನ್ನಿಸಿತು. ಒಂದು ಲೇಖನ ಮೈಕ್ರೋಗ್ಲಿಯಾ, ಅಂದರೆ ಮಿದುಳಿನಲ್ಲೇ ನೆಲೆಸಿರುವ ರೋಗನಿರೋಧಕ ಕೋಶಗಳು, ಮೈಲಿನ್ ನಾಶಕ್ಕೆ ಕಾರಣವೆನ್ನುತ್ತದೆ. ಇನ್ನೊಂದು ಅದೇ ಕೋಶಗಳಿಲ್ಲದಿದ್ದರೆ ಮೈಲಿನ್ ಮತ್ತೆ ಹುಟ್ಟುವುದೇ ಕಷ್ಟವೆನ್ನುತ್ತದೆ. ಆಲಿಗೊಡೆಂಡ್ರೊಸೈಟ್‌ಗಳಾಗಿ ಬೆಳೆಯಬಲ್ಲ ಪೂರ್ವಗಾಮಿ ಕೋಶಗಳು ವಯಸ್ಕರ ಮಿದುಳಿನಲ್ಲೂ ಹರಡಿಕೊಂಡಿರುತ್ತವೆ ಎಂದೂ ಓದಿದ್ದೇನೆ. ಹಾಗಿದ್ದರೆ ಸತ್ತ ಕೋಶಗಳ ಜಾಗವನ್ನು ಅವು ಏಕೆ ತುಂಬುವುದಿಲ್ಲ? ರೋಗನಿರೋಧಕ ಕೋಶಗಳು ಆಲಿಗೊಡೆಂಡ್ರೊಸೈಟ್‌ಗಳನ್ನು ಕೊಲ್ಲುವುದು ಮುಖ್ಯವೋ, ಹೊಸವು ಬೆಳೆಯದಂತೆ ತಡೆಯುವುದು ಮುಖ್ಯವೋ? ರೋಗನಿರೋಧಕ ವ್ಯವಸ್ಥೆಯನ್ನು ಔಷಧಿಯಿಂದ ಅಡಗಿಸಿದರೆ ದುರಸ್ತಿಯೂ ನಿಂತುಹೋಗುವುದಿಲ್ಲವೇ? ಪ್ರಯೋಗಗಳ ಆಧಾರದಿಂದ ಯಾರಾದರೂ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನರಜೀವಶಾಸ್ತ್ರ ಸಂಶೋಧಕ

ನಿಮ್ಮ ಮೂರೂ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಾನಿಯ ಕಡೆಯಿಂದ ನಾನು ಆರಂಭಿಸುತ್ತೇನೆ. ದುರಸ್ತಿಯ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಬರೆಯಬಲ್ಲರು.

ಮೊದಲು ಆಲಿಗೊಡೆಂಡ್ರೊಸೈಟ್ ಎಷ್ಟು ನಾಜೂಕಿನ ಕೋಶ ಎಂಬುದನ್ನು ಗಮನಿಸಬೇಕು. 1921ರಲ್ಲಿ ಸ್ಪೇನ್‌ನ ಪಿಯೊ ದೆಲ್ ರಿಯೊ ಹೊರ್ತೆಗಾ ಇದನ್ನು ಪ್ರತ್ಯೇಕ ಬಗೆಯ ಕೋಶವೆಂದು ವಿವರಿಸಿದರು. ಇಂತಹ ಒಂದೊಂದು ಕೋಶವೂ ಹತ್ತಾರು ಚಾಚುಗಳನ್ನು ಹೊರಚಾಚಿ, ಬೇರೆ ಬೇರೆ ನರತಂತುಗಳ ತುಣುಕುಗಳಿಗೆ ಪದರ ಪದರವಾಗಿ ಮೈಲಿನ್ ಸುತ್ತುತ್ತದೆ. ಆದ್ದರಿಂದ ಒಂದು ಕೋಶ ಸತ್ತರೆ ಹತ್ತಾರು ಕಡೆ ನರತಂತು ಬೆತ್ತಲಾಗುತ್ತದೆ. ಅಷ್ಟೊಂದು ಪೊರೆಯನ್ನು ತಯಾರಿಸಿ ಉಳಿಸಿಕೊಳ್ಳಲು ಅದರ ಚಯಾಪಚಯ ಬಿರುಸಾಗಿ ನಡೆಯಬೇಕು, ಅದಕ್ಕೆ ಕಬ್ಬಿಣವೂ ಹೇರಳವಾಗಿ ಬೇಕು. ಆದರೆ ಆಮ್ಲಜನಕದ ಉಗ್ರ ಕಣಗಳನ್ನು ತಣಿಸುವ ಗ್ಲುಟಾಥಯೋನ್ ಅದರಲ್ಲಿ ಕಡಿಮೆ. ಉರಿಯೂತ ಎದ್ದಾಗ ಪಕ್ಕದ ಕೋಶಗಳು ತಾಳಿಕೊಳ್ಳುವ ಪೆಟ್ಟಿಗೆ ಇದು ಬಲಿಯಾಗುವುದಕ್ಕೆ ಇದೇ ಒಂದು ಕಾರಣ.

ಇನ್ನು ಯಾವ ಕೋಶ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಪ್ರಾಣಿಗಳ ಮೇಲಿನ ಪ್ರಯೋಗಗಳಿಂದಾಗಿ ಇತರ ಕೋಶಗಳಿಗೆ ಸೂಚನೆ ಕೊಡುವ ಸಿಡಿ4 ಟಿ ಕೋಶಗಳಿಗೆ ಹೆಚ್ಚಿನ ಹೆಸರು ಬಂದಿದ್ದರೂ, ಮನುಷ್ಯರ ಎಂಎಸ್ ಗಾಯಗಳಲ್ಲಿ ಎಣಿಸಿದರೆ ಸಿಡಿ8 ಟಿ ಕೋಶಗಳೇ ಹೆಚ್ಚು. ಇವು ಗುರಿಕೋಶದ ಮೇಲೆ ಎಂಎಚ್‌ಸಿ ಮೊದಲ ವರ್ಗದ ಅಣುಗಳಲ್ಲಿ ಹಿಡಿದಿಟ್ಟ ಪ್ರೋಟೀನ್ ತುಣುಕನ್ನು ಗುರುತಿಸಿ, ಪರ್ಫೊರಿನ್‌ನಿಂದ ಪೊರೆಯಲ್ಲಿ ರಂಧ್ರ ಕೊರೆದು, ಗ್ರಾನ್‌ಜೈಮ್ ಎಂಬ ಮಾರಕ ಕಿಣ್ವಗಳನ್ನು ಒಳಗೆ ಬಿಡುತ್ತವೆ. ಆರೋಗ್ಯವಂತ ಆಲಿಗೊಡೆಂಡ್ರೊಸೈಟ್‌ಗಳ ಮೇಲೆ ಆ ಅಣುಗಳು ಬಹಳ ವಿರಳ. ಆದರೆ ಸುತ್ತಮುತ್ತ ಇಂಟರ್‌ಫೆರಾನ್ ಗಾಮಾ ಎಂಬ ಉರಿಯೂತದ ಸಂಕೇತ ಪ್ರೋಟೀನ್ ಹೆಚ್ಚಾದಾಗ ಆಲಿಗೊಡೆಂಡ್ರೊಸೈಟ್‌ಗಳೂ ಅವುಗಳ ಪೂರ್ವಗಾಮಿಗಳೂ ಆ ಅಣುಗಳನ್ನು ಹೊರಮೈಮೇಲೆ ತರತೊಡಗುತ್ತವೆ. 2019ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದು ಇದನ್ನು ಸ್ಪಷ್ಟವಾಗಿ ತೋರಿಸಿತು: ಮೈಲಿನ್‌ಗೆ ಸ್ಪಂದಿಸುವ ಟಿ ಕೋಶಗಳನ್ನು ಸೇರಿಸಿದಾಗ ಪೂರ್ವಗಾಮಿ ಕೋಶಗಳು ಬೆಳೆದು ಮೈಲಿನ್ ತಯಾರಿಸುವುದನ್ನು ನಿಲ್ಲಿಸಿದ್ದಷ್ಟೇ ಅಲ್ಲ, ತಾವೇ ಪ್ರತಿಜನಕವನ್ನು (ದಾಳಿಗೆ ಗುರುತಾಗುವ ಪ್ರೋಟೀನ್ ತುಣುಕನ್ನು) ಎತ್ತಿ ತೋರಿಸಿ ಸಿಡಿ8 ಕೋಶಗಳ ಕೈಯಲ್ಲಿ ಸತ್ತವು. ಅಂದರೆ ದುರಸ್ತಿಗೆಂದು ಬಂದ ಕೋಶವೇ ಉರಿಯೂತದ ಸೂಚನೆಗೆ ಓಗೊಟ್ಟು ದಾಳಿಯ ಗುರಿಯಾಗುತ್ತದೆ. ಏಟು ತಿನ್ನುವುದನ್ನು ಬಿಟ್ಟು ಪಾತ್ರವಿಲ್ಲ ಎಂಬ ಪಠ್ಯದ ಚಿತ್ರ ಇಲ್ಲಿಯೇ ಸಡಿಲಗೊಳ್ಳುತ್ತದೆ.

ಸಿಡಿ4 ಕೋಶಗಳ ಪೈಕಿ ಟಿಎಚ್1 ಗುಂಪು ಇಂಟರ್‌ಫೆರಾನ್ ಗಾಮಾವನ್ನೂ ಟಿಎಚ್17 ಗುಂಪು ಇಂಟರ್‌ಲ್ಯೂಕಿನ್-17 ಅನ್ನೂ ಸುರಿಸುತ್ತವೆ. ಇವು ಒಂದೇ ಏಟಿಗೆ ಕೊಲ್ಲುವುದಕ್ಕಿಂತ ಹೆಚ್ಚಾಗಿ ಪೂರ್ವಗಾಮಿಗಳು ಪ್ರೌಢ ಕೋಶಗಳಾಗದಂತೆ ತಡೆಯುತ್ತವೆ. ನೀವು ಕೇಳಿದ ಕೊಲ್ಲುವುದೋ ತಡೆಯುವುದೋ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯವೆಂದರೆ, ಹೊಸ ಗಾಯದಲ್ಲಿ ಕೊಲ್ಲುವುದು ಎದ್ದು ಕಾಣುತ್ತದೆ, ವರ್ಷಗಟ್ಟಲೆ ಉಳಿದ ಗಾಯದಲ್ಲಿ ತಡೆಯೇ ಹೆಚ್ಚು ನಷ್ಟ ಮಾಡುತ್ತದೆ.

ಬಿ ಕೋಶಗಳೆಂದರೆ ಪ್ರತಿಕಾಯಗಳೆಂದೇ ನಾವು ಭಾವಿಸುತ್ತೇವೆ, ಮತ್ತು ಎಂಎಸ್ ರೋಗಿಗಳಲ್ಲಿ ಬಹುಪಾಲು ಜನರ ಮಿದುಳು-ಬೆನ್ನುಹುರಿ ದ್ರವದಲ್ಲಿ ಕಾಣುವ ಆಲಿಗೊಕ್ಲೋನಲ್ ಪಟ್ಟಿಗಳು, ಅಂದರೆ ಪರೀಕ್ಷೆಯಲ್ಲಿ ಪಟ್ಟಿಗಳಾಗಿ ತೋರುವ ಪ್ರತಿಕಾಯಗಳು, ಆ ಭಾವನೆಯನ್ನು ಗಟ್ಟಿಗೊಳಿಸುತ್ತವೆ. ಆದರೆ ಎಂಎಸ್ ರೋಗಿಗಳ ಬಿ ಕೋಶಗಳನ್ನು ಬೆಳೆಸಿದ ದ್ರವವನ್ನು ಇಲಿಜಾತಿಯ ಆಲಿಗೊಡೆಂಡ್ರೊಸೈಟ್‌ಗಳ ಮೇಲೆ ಹಾಕಿದಾಗ ಅವು ಸತ್ತವು, ಮತ್ತು ಆ ವಿಷಗುಣ ಪ್ರತಿಕಾಯಗಳಿಂದ ಬಂದದ್ದಾಗಿರಲಿಲ್ಲ. ಸಿಡಿ20 ಗುರುತಿರುವ ಬಿ ಕೋಶಗಳನ್ನು ತೆಗೆಯುವ ಔಷಧಿಗಳು, ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳನ್ನು ಹೆಚ್ಚುಕಡಿಮೆ ಮುಟ್ಟದಿದ್ದರೂ, ರೋಗದ ಮರುಕಳಿಕೆಯನ್ನು ಬಹಳ ಬೇಗ ತಗ್ಗಿಸುತ್ತವೆ ಎಂಬುದೂ ಇದಕ್ಕೆ ಹೊಂದುತ್ತದೆ.

ಕೊನೆಯದಾಗಿ ಮೈಕ್ರೋಗ್ಲಿಯಾ ಮತ್ತು ರಕ್ತದಿಂದ ಬರುವ, ಕಸ ನುಂಗುವ ಮ್ಯಾಕ್ರೋಫೇಜ್‌ಗಳು. ಕೆರಳಿದಾಗ ಇವು ಟಿಎನ್‌ಎಫ್ ಎಂಬ ಉರಿಯೂತದ ಸಂಕೇತ ಪ್ರೋಟೀನ್, ನೈಟ್ರಿಕ್ ಆಕ್ಸೈಡ್, ಉಗ್ರ ಆಮ್ಲಜನಕ ಕಣಗಳು ಮತ್ತು ಗ್ಲುಟಮೇಟ್ ಹೊರಬಿಡುತ್ತವೆ. ಆಲಿಗೊಡೆಂಡ್ರೊಸೈಟ್‌ಗಳ ಮೇಲೆ ಗ್ಲುಟಮೇಟ್ ಗ್ರಾಹಕಗಳಿರುವುದರಿಂದ ಅದರ ಅತಿಸುರಿತ ಕ್ಯಾಲ್ಸಿಯಂ ಅನ್ನು ಒಳನುಗ್ಗಿಸಿ ಕೋಶವನ್ನು ಹಾಳುಮಾಡುತ್ತದೆ. ಜೊತೆಗೆ, ಕೆರಳಿದ ಮೈಕ್ರೋಗ್ಲಿಯಾ ಬಿಡುಗಡೆ ಮಾಡುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಆಲ್ಫಾ ಮತ್ತು ಸಿ1ಕ್ಯೂ ಈ ಮೂರು ಪ್ರೋಟೀನ್‌ಗಳೂ ಸೇರಿ, ನರಕೋಶಗಳಿಗೆ ಆಸರೆಯಾಗುವ ಆಸ್ಟ್ರೊಸೈಟ್‌ಗಳ ಸ್ವಭಾವವನ್ನೇ ಬದಲಿಸುತ್ತವೆ, ಮತ್ತು ಹಾಗೆ ಬದಲಾದ ಆಸ್ಟ್ರೊಸೈಟ್‌ಗಳು ಆಲಿಗೊಡೆಂಡ್ರೊಸೈಟ್‌ಗಳನ್ನು ಕೊಲ್ಲಬಲ್ಲವು ಎಂದು 2017ರ ಸಂಶೋಧನೆ ತೋರಿಸಿತು.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಹೃತ್ಪೂರ್ವಕ ವಂದನೆಗಳು, ಸರ್. ನಿಮ್ಮ ವಿವರಣೆಯಿಂದ ಒಂದು ಉಪಪ್ರಶ್ನೆ ಹುಟ್ಟುತ್ತದೆ. ಟಿಎನ್‌ಎಫ್ ಇಷ್ಟು ಹಾನಿಕರವಾದರೆ, ಸಂಧಿವಾತದಲ್ಲಿ ಬಳಸುವ ಟಿಎನ್‌ಎಫ್ ತಡೆ ಔಷಧಿಗಳನ್ನು ಎಂಎಸ್‌ಗೂ ಕೊಡಬಹುದಲ್ಲವೇ?

ಉತ್ತರ 2: ನರರೋಗ ತಜ್ಞೆ

ಈ ಪ್ರಶ್ನೆಯನ್ನು ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಇದೇ ತರ್ಕವನ್ನು ನಂಬಿ ನಡೆಸಿದ ಚಿಕಿತ್ಸಾ ಪ್ರಯೋಗವೊಂದು ನಮ್ಮ ತಿಳಿವಳಿಕೆಯನ್ನೇ ತಿದ್ದಿದೆ. ಲೆನೆರ್ಸೆಪ್ಟ್ ಎಂಬ ಟಿಎನ್‌ಎಫ್ ತಡೆ ಔಷಧಿಯನ್ನು 168 ಎಂಎಸ್ ರೋಗಿಗಳ ಪ್ರಯೋಗದಲ್ಲಿ ಪರೀಕ್ಷಿಸಲಾಯಿತು. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಔಷಧಿ ಪಡೆದವರಲ್ಲಿ ಮರುಕಳಿಕೆಗಳು ಕಡಿಮೆಯಾಗುವ ಬದಲು ಹೆಚ್ಚಾದವು, ಬೇಗನೆಯೂ ಬಂದವು. ಇಂದಿಗೂ ಸಂಧಿವಾತಕ್ಕೆ ಟಿಎನ್‌ಎಫ್ ತಡೆ ಔಷಧಿ ಬರೆಯುವ ಮೊದಲು ರೋಗಿಗೆ ಎಂಎಸ್ ಇದೆಯೇ ಎಂದು ವೈದ್ಯರು ವಿಚಾರಿಸುವುದು ಈ ಕಾರಣಕ್ಕೇ.

ಹೀಗೇಕಾಯಿತು ಎಂಬುದಕ್ಕೆ ಉತ್ತರದ ಒಂದು ಪಾಲು 2001ರಲ್ಲಿ ದೊರೆಯಿತು. ಟಿಎನ್‌ಎಫ್‌ಗೆ ಎರಡು ಗ್ರಾಹಕಗಳಿವೆ. ಮೊದಲನೆಯದರ ಮೂಲಕ ಬರುವ ಸಂಕೇತ ಉರಿಯೂತವನ್ನೂ ಕೋಶದ ಸಾವನ್ನೂ ಪ್ರಚೋದಿಸುತ್ತದೆ. ಎರಡನೆಯದರ ಮೂಲಕ ಬರುವ ಸಂಕೇತ ಪೂರ್ವಗಾಮಿ ಕೋಶಗಳು ವೃದ್ಧಿಯಾಗಿ ಮೈಲಿನ್ ಮರಳಿ ಕಟ್ಟಲು ಬೇಕೇ ಬೇಕು. ಕ್ಯುಪ್ರಿಜೋನ್ ಎಂಬ ರಾಸಾಯನಿಕ ತಿನ್ನಿಸಿ ಮೈಲಿನ್ ಕಳೆದುಕೊಳ್ಳುವಂತೆ ಮಾಡಿದ ಇಲಿಗಳಲ್ಲಿ ಎರಡನೆಯ ಗ್ರಾಹಕ ಇಲ್ಲದಿದ್ದಾಗ ದುರಸ್ತಿ ಹಿಂದೆ ಬಿತ್ತು. ಎರಡು ಬಾಗಿಲುಗಳನ್ನೂ ಒಟ್ಟಿಗೆ ಮುಚ್ಚುವ ಔಷಧಿ ಹಾನಿಯ ಜೊತೆಗೆ ದುರಸ್ತಿಯನ್ನೂ ಹೊರಗಿಟ್ಟಿತು.

ಇಂಟರ್‌ಫೆರಾನ್ ಗಾಮಾ ವಿಷಯದಲ್ಲಿ ಮಾತ್ರ ಹಿಂದಿನ ಉತ್ತರದಲ್ಲಿ ಹೇಳಿದ್ದನ್ನು ಮನುಷ್ಯರಲ್ಲಿನ ಅನುಭವವೂ ಬೆಂಬಲಿಸುತ್ತದೆ. 1987ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಔಷಧಿಯಾಗಿ ಪಡೆದ 18 ರೋಗಿಗಳಲ್ಲಿ 7 ಮಂದಿಗೆ ಚಿಕಿತ್ಸೆಯ ಅವಧಿಯಲ್ಲೇ ರೋಗ ಉಲ್ಬಣಿಸಿತು. ಹೆಸರು ಹತ್ತಿರವಿದ್ದರೂ 1993ರಿಂದ ಚಿಕಿತ್ಸೆಯಲ್ಲಿರುವ ಇಂಟರ್‌ಫೆರಾನ್ ಬೀಟಾ ಇದಕ್ಕೆ ವಿರುದ್ಧ ಪರಿಣಾಮದ್ದು. ಓದುವಾಗ ಎರಡನ್ನೂ ಒಂದಾಗಿಸಿಕೊಳ್ಳಬೇಡಿ.

ದುರಸ್ತಿಯಲ್ಲಿ ರೋಗನಿರೋಧಕ ಕೋಶಗಳ ಪಾತ್ರಕ್ಕೆ ಬರೋಣ. ಎಂಎಸ್‌ನ ಸಕ್ರಿಯ ಗಾಯದ ತೆಳು ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಉಬ್ಬಿದ, ನೊರೆ ತುಂಬಿದಂತೆ ಕಾಣುವ ಮ್ಯಾಕ್ರೋಫೇಜ್‌ಗಳು. ಮೈಲಿನ್‌ಗೆ ನೀಲಿ ಬಣ್ಣ ಕೊಡುವ ಲೇಪ ಹಾಕಿದ್ದರೆ ಅವುಗಳ ಹೊಟ್ಟೆಯೊಳಗೆ ನುಂಗಿದ ಮೈಲಿನ್‌ನ ನೀಲಿ ಚೂರುಗಳು ಚುಕ್ಕೆಚುಕ್ಕೆಯಾಗಿ ಕಾಣುತ್ತವೆ. ಇದನ್ನು ನೋಡಿದವರಿಗೆ ಇವೇ ಅಪರಾಧಿಗಳೆಂದು ಅನ್ನಿಸುವುದು ಸಹಜ. ಆದರೆ ಮುರಿದ ಮೈಲಿನ್ ಚೂರುಗಳು ಸ್ಥಳದಲ್ಲೇ ಉಳಿದರೆ ಪೂರ್ವಗಾಮಿ ಕೋಶಗಳು ಪ್ರೌಢವಾಗುವುದನ್ನು ಅವು ನೇರವಾಗಿ ತಡೆಯುತ್ತವೆ. ಕುಸಿದ ಮನೆಯ ಕಲ್ಲುಮಣ್ಣು ತೆರವಾಗದೆ ಹೊಸ ಗೋಡೆ ಏಳುವುದಿಲ್ಲ. ಆದ್ದರಿಂದ ಈ ನುಂಗುವಿಕೆ ದುರಸ್ತಿಯ ಮೊದಲ ಹೆಜ್ಜೆಯೂ ಹೌದು.

ನುಂಗಿದ ಮೇಲೆ ಅದನ್ನು ಅರಗಿಸಿಕೊಳ್ಳುವುದು ಇನ್ನೂ ಕಠಿಣ. ಮೈಲಿನ್‌ನ ಒಣತೂಕದಲ್ಲಿ ಶೇಕಡಾ 70ರಿಂದ 80ರಷ್ಟು ಕೊಬ್ಬಿನಂಶ, ಅದರಲ್ಲಿ ಕೊಲೆಸ್ಟರಾಲ್ ದೊಡ್ಡ ಪಾಲು. ಕೊಲೆಸ್ಟರಾಲ್‌ನ ಉಂಗುರ ರಚನೆಯನ್ನು ಒಡೆಯುವ ಸಾಮರ್ಥ್ಯ ಈ ಕೋಶಗಳಿಗಿಲ್ಲ, ಅದನ್ನು ಹೊರಸಾಗಿಸುವುದೊಂದೇ ದಾರಿ. ಮುದಿ ಇಲಿಗಳ ಮ್ಯಾಕ್ರೋಫೇಜ್‌ಗಳಲ್ಲಿ ಈ ಸಾಗಣೆ ಕುಂಟುತ್ತದೆ, ಕೊಲೆಸ್ಟರಾಲ್ ಹರಳುಗಟ್ಟುತ್ತದೆ, ಹರಳುಗಳು ಕೋಶದ ಜೀರ್ಣಕೋಶಿಕೆಗಳನ್ನು ಸೀಳಿ ಹೊಸ ಉರಿಯೂತವನ್ನು ಹೊತ್ತಿಸುತ್ತವೆ ಎಂದು 2018ರಲ್ಲಿ ಕಂಡುಬಂದಿತು. ಅದಕ್ಕೂ ಮೊದಲು, 2012ರಲ್ಲಿ, ಎಳೆಯ ಮತ್ತು ಮುದಿ ಇಲಿಗಳ ರಕ್ತಪರಿಚಲನೆಯನ್ನು ಜೋಡಿಸಿದ ಪ್ರಯೋಗದಲ್ಲಿ, ಎಳೆಯ ಇಲಿಯ ಮಾನೊಸೈಟ್‌ಗಳು (ಮ್ಯಾಕ್ರೋಫೇಜ್‌ಗಳಾಗಿ ಬೆಳೆಯುವ ರಕ್ತಕೋಶಗಳು) ಮುದಿ ಇಲಿಯ ಗಾಯವನ್ನು ಸ್ವಚ್ಛಗೊಳಿಸಿದಾಗ ಅಲ್ಲಿ ಮೈಲಿನ್ ಮರುನಿರ್ಮಾಣ ಚುರುಕಾಯಿತು. ವಯಸ್ಸಾದ ರೋಗಿಗಳಲ್ಲಿ ಚೇತರಿಕೆ ಏಕೆ ಕುಗ್ಗುತ್ತದೆ ಎಂಬುದನ್ನು ಪೂರ್ವಗಾಮಿ ಕೋಶಗಳ ಮುಪ್ಪಿನಿಂದಷ್ಟೇ ವಿವರಿಸಲಾಗದು ಎಂದು ನಾನು ಭಾವಿಸುವುದು ಈ ಪ್ರಯೋಗದ ಬಲದಿಂದ.

ಮೈಕ್ರೋಗ್ಲಿಯಾದ ಕೆಲಸ ಸ್ವಚ್ಛತೆಗೇ ಮುಗಿಯುವುದಿಲ್ಲ. ದುರಸ್ತಿ ಆರಂಭವಾಗುವ ಹೊತ್ತಿಗೆ ಅವುಗಳ ಸ್ವಭಾವ ಉರಿಯೂತದಿಂದ ಪೋಷಣೆಯ ಕಡೆಗೆ ಹೊರಳುತ್ತದೆ, ಮತ್ತು ಆಗ ಅವು ಸ್ರವಿಸುವ ಆಕ್ಟಿವಿನ್-ಎ ಪೂರ್ವಗಾಮಿಗಳನ್ನು ಪ್ರೌಢಿಮೆಯತ್ತ ನಡೆಸುತ್ತದೆ. ನಿಯಂತ್ರಕ ಟಿ ಕೋಶಗಳೂ ಹೀಗೆಯೇ. ಉರಿಯೂತವನ್ನು ತಣಿಸುವುದು ಅವುಗಳ ಪರಿಚಿತ ಕೆಲಸವಾದರೂ, ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಮಾರ್ಗದಿಂದ, ಸಿಸಿಎನ್3 ಎಂಬ ಪ್ರೋಟೀನಿನ ಮೂಲಕ, ಅವು ಪೂರ್ವಗಾಮಿಗಳಿಗೆ ನೇರವಾಗಿ ನೆರವಾಗುತ್ತವೆ ಎಂದು 2017ರಲ್ಲಿ ವರದಿಯಾಯಿತು. ಟಿ ಮತ್ತು ಬಿ ಕೋಶಗಳೇ ಇಲ್ಲದ ಇಲಿಗಳಲ್ಲಿ ಮೈಲಿನ್ ಮರುನಿರ್ಮಾಣ ಕುಂಠಿತವಾಗುತ್ತದೆ ಎಂಬುದು 2003ರಷ್ಟು ಹಿಂದೆಯೇ ತಿಳಿದಿತ್ತು. ನಿಮ್ಮ ಮೂರನೆಯ ಪ್ರಶ್ನೆಯ ಹಿಂದಿರುವ ಆತಂಕಕ್ಕೆ ಹೀಗೆ ಗಟ್ಟಿಯಾದ ಆಧಾರವಿದೆ.

ಉತ್ತರ 3: ರೋಗಶಾಸ್ತ್ರಜ್ಞ

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತಲೇ, ಇಲಿಗಳಿಂದ ಮನುಷ್ಯರಿಗೆ ಜಿಗಿಯುವಾಗ ಬೇಕಾದ ಎಚ್ಚರದ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ.

ಆಲಿಗೊಡೆಂಡ್ರೊಸೈಟ್ ಸಾಯುವ ಮೊದಲೇ ಟಿ ಕೋಶ ಅಲ್ಲಿಗೆ ಬಂದಿರಲೇಬೇಕು ಎಂಬುದು ಇನ್ನೂ ಇತ್ಯರ್ಥವಾಗದ ವಿಷಯ. 2004ರಲ್ಲಿ ಬಾರ್ನೆಟ್ ಮತ್ತು ಪ್ರಿನಿಯಾಸ್, ಮರುಕಳಿಕೆ ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ತೀರಿಕೊಂಡ ರೋಗಿಯ ಗಾಯಗಳನ್ನು ಪರೀಕ್ಷಿಸಿ, ಅಲ್ಲಿ ಆಲಿಗೊಡೆಂಡ್ರೊಸೈಟ್‌ಗಳು ವ್ಯಾಪಕವಾಗಿ ಸಾಯುತ್ತಿದ್ದರೂ, ಮೈಕ್ರೋಗ್ಲಿಯಾ ಕೆರಳಿದ್ದರೂ, ಲಿಂಫೊಸೈಟ್‌ಗಳು (ಟಿ ಮತ್ತು ಬಿ ಕೋಶಗಳಂಥವು) ಮಾತ್ರ ಬಹಳ ವಿರಳವಾಗಿದ್ದವು ಎಂದು ವರದಿ ಮಾಡಿದರು. ಅದಕ್ಕೂ ಮೊದಲು 2000ದಲ್ಲಿ ಲುಕಿನೆಟ್ಟಿ ಮತ್ತು ಸಂಗಡಿಗರು ಸಕ್ರಿಯ ಗಾಯಗಳನ್ನು ನಾಲ್ಕು ಮಾದರಿಗಳಾಗಿ ವಿಂಗಡಿಸಿದ್ದರು. ಎರಡರಲ್ಲಿ ರೋಗನಿರೋಧಕ ದಾಳಿಯೇ ಎದ್ದು ಕಾಣುತ್ತದೆ, ಉಳಿದೆರಡರಲ್ಲಿ ಆಲಿಗೊಡೆಂಡ್ರೊಸೈಟ್‌ನ ಸಂಕಟವೇ ಮುಂದಾಗಿ ಕಾಣುತ್ತದೆ. ಇವು ಬೇರೆ ಬೇರೆ ರೋಗಿಗಳ ಬೇರೆ ಬೇರೆ ರೋಗಗಳೋ, ಒಂದೇ ಗಾಯದ ಬೇರೆ ಬೇರೆ ಹಂತಗಳೋ ಎಂಬ ಚರ್ಚೆ ಮುಗಿದಿಲ್ಲ. ರೋಗನಿರೋಧಕ ವ್ಯವಸ್ಥೆಯ ಪಾಲು ನಿರ್ಣಾಯಕ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಎಲ್ಲ ಗಾಯಗಳೂ ಒಂದೇ ಕ್ರಮದಲ್ಲಿ ಹುಟ್ಟುತ್ತವೆ ಎಂಬುದನ್ನು ಮಾತ್ರ ನಾನು ಒಪ್ಪಲಾರೆ.

ಎರಡನೆಯ ವಿಷಯ ಸಿಟ್ಟು ತಣಿಯದ ಹಳೆಯ ಗಾಯಗಳದ್ದು. ಇಂತಹ ಗಾಯದ ನಡುಭಾಗದಲ್ಲಿ ಕೋಶಗಳು ವಿರಳ, ಆದರೆ ಅಂಚಿನಲ್ಲಿ ಕಬ್ಬಿಣ ತುಂಬಿಕೊಂಡ ಮೈಕ್ರೋಗ್ಲಿಯಾ ಉಂಗುರದಂತೆ ಸಾಲುಗಟ್ಟಿರುತ್ತವೆ. ಕಬ್ಬಿಣದ ಕಾಂತೀಯ ಗುಣದಿಂದಾಗಿ ಸೂಕ್ತ ವಿಧಾನದ ಎಂಆರ್‌ಐನಲ್ಲಿ ಬದುಕಿರುವ ರೋಗಿಯಲ್ಲೇ ಈ ಕಪ್ಪು ಅಂಚನ್ನು ನೋಡಬಹುದು. ಆ ಅಂಚು ವರ್ಷಗಳ ಕಾಲ ನಿಧಾನವಾಗಿ ಹೊರಕ್ಕೆ ಸರಿಯುತ್ತಾ ಸುತ್ತಲಿನ ಮೈಲಿನ್ ಅನ್ನು ಕಬಳಿಸುತ್ತದೆ. ಇಂತಹ ಗಾಯಗಳು ಹೆಚ್ಚಿರುವವರಲ್ಲಿ ಅಂಗವೈಕಲ್ಯವೂ ಹೆಚ್ಚು. ರಕ್ತದಿಂದ ಬರುವ ಲಿಂಫೊಸೈಟ್‌ಗಳನ್ನು ತಡೆಯುವ ಔಷಧಿಗಳು ಮಿದುಳಿನೊಳಗೇ ನೆಲೆಸಿರುವ ಈ ಮೈಕ್ರೋಗ್ಲಿಯಾವನ್ನು ಅಷ್ಟಾಗಿ ಮುಟ್ಟುವುದಿಲ್ಲ. ಮರುಕಳಿಕೆ ನಿಂತರೂ ನಡಿಗೆ ವರ್ಷದಿಂದ ವರ್ಷಕ್ಕೆ ಕುಂಟುತ್ತಾ ಹೋಗುವ ರೋಗಿಗಳಿರುವುದಕ್ಕೆ ಇದೊಂದು ಮುಖ್ಯ ಕಾರಣ.

ಮೂರನೆಯದು, ಮನುಷ್ಯರಲ್ಲಿ ಮೈಲಿನ್ ಮರಳಿ ಕಟ್ಟುವವರು ಯಾರು ಎಂಬುದು. ಮೈಲಿನ್ ಮರಳಿ ಬಂದ ಗಾಯಗಳು ಬಣ್ಣ ಹಾಕಿದಾಗ ಸುತ್ತಲಿಗಿಂತ ಪೇಲವವಾಗಿ ಕಾಣುತ್ತವೆ, ಏಕೆಂದರೆ ಹೊಸ ಹೊದಿಕೆ ಮೊದಲಿನಷ್ಟು ದಪ್ಪವಿರುವುದಿಲ್ಲ. ಹಿಂದಿನ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಇಂಗಾಲ-14ರ ಪ್ರಮಾಣವನ್ನು ಕೋಶಗಳ ಡಿಎನ್‌ಎಯಲ್ಲಿ ಅಳೆದು, ಕೋಶ ಹುಟ್ಟಿದ ಕಾಲವನ್ನು ಲೆಕ್ಕಹಾಕುವ ವಿಧಾನವಿದೆ. 2019ರಲ್ಲಿ ಅದನ್ನು ಇಂತಹ ಪೇಲವ ಗಾಯಗಳಿಗೆ ಅನ್ವಯಿಸಿದಾಗ ಅಲ್ಲಿನ ಆಲಿಗೊಡೆಂಡ್ರೊಸೈಟ್‌ಗಳಲ್ಲಿ ಹೆಚ್ಚಿನವು ಹೊಸದಾಗಿ ಹುಟ್ಟಿದವಲ್ಲ, ಹಳೆಯವೇ ಎಂದು ತಿಳಿದುಬಂತು. ಇಲಿಗಳಲ್ಲಿ ದುರಸ್ತಿ ಪೂರ್ವಗಾಮಿಗಳಿಂದ ನಡೆಯುತ್ತದೆ. ಮನುಷ್ಯರಲ್ಲಿ ದಾಳಿಯಿಂದ ಬದುಕುಳಿದ ಹಳೆಯ ಕೋಶಗಳೇ ಮತ್ತೆ ಮೈಲಿನ್ ಸುತ್ತುತ್ತಿರಬಹುದು. ಹಾಗಿದ್ದರೆ ಆರಂಭದ ದಾಳಿಯಲ್ಲಿ ಎಷ್ಟು ಕೋಶಗಳನ್ನು ಉಳಿಸಿಕೊಂಡೆವು ಎಂಬುದೇ ಮುಂದಿನ ದುರಸ್ತಿಯನ್ನೂ ನಿರ್ಧರಿಸುತ್ತದೆ.

ಉತ್ತರ 4: ಎಂಎಸ್ ಇರುವ ಓದುಗ

ಎಲ್ಲರ ವಿವರಣೆಯನ್ನೂ ಎರಡೆರಡು ಸಲ ಓದಿದೆ. ನನ್ನಂತಹವರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ನೇರವಾಗಿ ಕೇಳುತ್ತೇನೆ, ಡಾಕ್ಟರೇ: ರೋಗನಿರೋಧಕ ಕೋಶಗಳು ದುರಸ್ತಿಗೂ ಬೇಕೆಂದಾದರೆ, ನಾವು ತೆಗೆದುಕೊಳ್ಳುತ್ತಿರುವ ಔಷಧಿಗಳು ನಮ್ಮ ಮೈಲಿನ್ ಮರಳಿ ಬೆಳೆಯುವುದನ್ನು ತಡೆಯುತ್ತಿವೆಯೇ?

ಉತ್ತರ 5: ನರರೋಗ ತಜ್ಞೆ

ನಿಮ್ಮ ಪ್ರಶ್ನೆಗೆ ಮೊದಲು ನೇರ ಉತ್ತರ ಕೊಡುತ್ತೇನೆ: ಇಲ್ಲಿಯ ಚರ್ಚೆಯನ್ನು ಓದಿ ದಯವಿಟ್ಟು ಔಷಧಿಯನ್ನು ನಿಲ್ಲಿಸಬೇಡಿ. ಈಗಿನ ಔಷಧಿಗಳು ಹೊಸ ದಾಳಿಗಳನ್ನು ತಡೆದು ಇರುವ ಆಲಿಗೊಡೆಂಡ್ರೊಸೈಟ್‌ಗಳನ್ನು ಉಳಿಸುತ್ತವೆ, ಮತ್ತು ಹಿಂದಿನ ಉತ್ತರದಲ್ಲಿ ಹೇಳಿದಂತೆ ಉಳಿದ ಕೋಶಗಳೇ ದುರಸ್ತಿಯ ಬಂಡವಾಳ. ದುರಸ್ತಿಗೆ ನೆರವಾಗುವ ಮೈಕ್ರೋಗ್ಲಿಯಾದ ಮೇಲೆ ಈ ಔಷಧಿಗಳಲ್ಲಿ ಬಹುಪಾಲಿನ ನೇರ ಪರಿಣಾಮ ಕಡಿಮೆ. ಲಾಭ ನಷ್ಟಗಳನ್ನು ತೂಗಿದರೆ ಚಿಕಿತ್ಸೆಯ ಕಡೆಗೇ ತಕ್ಕಡಿ ಸ್ಪಷ್ಟವಾಗಿ ವಾಲುತ್ತದೆ.

ರೋಗನಿರೋಧಕ ಕೋಶಗಳು ಆಲಿಗೊಡೆಂಡ್ರೊಸೈಟ್‌ಗಳ ಕಾವಲನ್ನೂ ಮಾಡುತ್ತವೆ ಎಂಬುದಕ್ಕೆ ಚಿಕಿತ್ಸೆಯಲ್ಲೇ ಒಂದು ಗಂಭೀರ ನಿದರ್ಶನವಿದೆ. ಟಿ ಕೋಶಗಳು ಮಿದುಳಿಗೆ ದಾಟದಂತೆ ತಡೆಯುವ ನಟಾಲಿಜುಮಾಬ್ 2004ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆಯಿತು. 2005ರ ಫೆಬ್ರವರಿಯಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲಾಯಿತು. 2006ರಲ್ಲಿ ಕಟ್ಟುನಿಟ್ಟಿನ ನಿಗಾ ಷರತ್ತಿನೊಂದಿಗೆ ಮರಳಿತು. ಕಾರಣ, ಕೆಲವು ರೋಗಿಗಳಲ್ಲಿ ಪಿಎಂಎಲ್ ಎಂಬ ಮಾರಕ ಸೋಂಕು ಕಾಣಿಸಿಕೊಂಡದ್ದು. ಬಹಳಷ್ಟು ಜನರ ದೇಹದಲ್ಲಿ ತೆಪ್ಪಗೆ ಉಳಿದಿರುವ ಜೆಸಿ ವೈರಸ್, ಟಿ ಕೋಶಗಳ ಗಸ್ತು ನಿಂತಾಗ ಆಲಿಗೊಡೆಂಡ್ರೊಸೈಟ್‌ಗಳನ್ನೇ ಹೊಕ್ಕು ಕೊಲ್ಲುತ್ತದೆ. ಎಂಎಸ್‌ನಲ್ಲಿ ಆ ಕೋಶಗಳಿಗೆ ಶತ್ರುವಾಗಿದ್ದ ಟಿ ಕೋಶಗಳೇ ಇಲ್ಲಿ ಅವುಗಳ ರಕ್ಷಕರು. ಈ ಔಷಧಿ ಪಡೆಯುವವರ ರಕ್ತದಲ್ಲಿ ಜೆಸಿ ವೈರಸ್‌ನ ಪ್ರತಿಕಾಯವನ್ನು ಕಾಲಕಾಲಕ್ಕೆ ಪರೀಕ್ಷಿಸುವುದು ಇದಕ್ಕಾಗಿಯೇ, ಮತ್ತು ಆ ಪರೀಕ್ಷೆಯನ್ನು ಯಾರೂ ತಪ್ಪಿಸಬಾರದು.

ದುರಸ್ತಿಯನ್ನೇ ಗುರಿಯಾಗಿಸಿಕೊಂಡ ಔಷಧಿಗಳ ಬಗ್ಗೆ ಹೇಳುವುದಾದರೆ, ಅಲರ್ಜಿಗೆ ಬಳಸುತ್ತಿದ್ದ ಕ್ಲೆಮಾಸ್ಟಿನ್ ಅನ್ನು 50 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಕಣ್ಣಿನಿಂದ ಮಿದುಳಿಗೆ ಸಂಕೇತ ತಲುಪುವ ವಿಳಂಬ ಪ್ರತಿ ಕಣ್ಣಿಗೆ 1.7 ಮಿಲಿಸೆಕೆಂಡಿನಷ್ಟು ಕಡಿಮೆಯಾಯಿತು. ನಿತ್ಯಜೀವನದಲ್ಲಿ ಗೊತ್ತಾಗುವಷ್ಟು ದೊಡ್ಡ ಸುಧಾರಣೆ ಅದಲ್ಲ, ದಣಿವು ಕೂಡ ಹೆಚ್ಚಿತು. ಆದರೂ ಹಳೆಯ ಗಾಯದಲ್ಲೂ ಮೈಲಿನ್ ಮರಳಿ ಬರಿಸಬಹುದೆಂಬುದಕ್ಕೆ ಮನುಷ್ಯರಲ್ಲಿ ಸಿಕ್ಕ ಆರಂಭಿಕ ಸಾಕ್ಷ್ಯಗಳಲ್ಲಿ ಅದು ಒಂದು. ವೈದ್ಯರ ಸಲಹೆಯಿಲ್ಲದೆ ಅದನ್ನು ಕೊಂಡು ನುಂಗುವುದು ಸರಿಯಲ್ಲ.

ಮಿದುಳಿನೊಳಗೆ ಸೇರಿ ಮೈಕ್ರೋಗ್ಲಿಯಾದ ಕೆರಳುವಿಕೆಯನ್ನು ತಗ್ಗಿಸುವ ಉದ್ದೇಶದಿಂದ ಬಿಟಿಕೆ ಎಂಬ ಕಿಣ್ವವನ್ನು ತಡೆಯುವ ಔಷಧಿಗಳ ಮೇಲೂ ಪ್ರಯೋಗಗಳು ನಡೆದಿವೆ. ಮುಂದಿನ ಸಲ ವೈದ್ಯರನ್ನು ಕಾಣುವಾಗ ನಿಮ್ಮ ಎಂಆರ್‌ಐನಲ್ಲಿ ಕಬ್ಬಿಣದ ಅಂಚಿರುವ ಗಾಯಗಳಿವೆಯೇ ಎಂದು ಕೇಳಿ ನೋಡಿ. ಅದನ್ನು ತೋರಿಸುವ ಚಿತ್ರಣವನ್ನು ಎಲ್ಲ ಕಡೆಯೂ ವಾಡಿಕೆಯಾಗಿ ತೆಗೆಯುವುದಿಲ್ಲ, ಆದ್ದರಿಂದ ಕೇಳದೆ ಆ ಮಾಹಿತಿ ನಿಮಗೆ ಸಿಗದೇ ಹೋಗಬಹುದು.